ಹಿಂದಕ್ಕೆ ಹೋಗುವ ಗುಂಡಿ

ಲಗ್ಗೆರೆ
೧೭ ನವೆಂಬರ್ ೨೦೨೪, ಭಾನುವಾರ

ಪ್ರೀತಿಯ ಯಮನೂರಣ್ಣಾ,

ಕಾಲಿನ ಬೊಬ್ಬೆ ಒಣಗಿತಾ? ಪೊಲೀಸ್ ಟ್ರೇನಿಂಗಿನಲ್ಲಿ ಕೊಟ್ಟ ಹೊಸ ಬೂಟು ಹಿಮ್ಮಡಿ ಸುಲಿದಿದೆ ಎಂದು ಹೋದ ವಾರ ಅವ್ವನಿಗೆ ಹೇಳಿದೆಯಂತೆ. ನಿಮ್ಮ ಸಾಹೇಬರು ಫೋನು ಕೈಗೆ ಕೊಡುವ ಆ ಚೂರು ಹೊತ್ತನ್ನೆಲ್ಲ ಅವ್ವನೇ ಮುಗಿಸುತ್ತಾಳೆ, ನನ್ನ ಪಾಳಿ ಬರುವಷ್ಟರಲ್ಲಿ ಕಟ್. ಅದಕ್ಕೇ ಈ ಕಾಗದ. ಕೊಬ್ಬರಿ ಎಣ್ಣೆ ಹಚ್ಚಿ ಎರಡು ಜೊತೆ ಸಾಕ್ಸ್ ಹಾಕಿಕೊಳ್ಳಬೇಕಂತೆ, ಅವ್ವ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ. ಊಟ ಹೇಗಿದೆ? ನನಗೆ ಆರನೇ ಕ್ಲಾಸಿನಿಂದ ಹಾಸ್ಟೆಲ್ ಊಟ ರೂಢಿ, ನಿನಗೆ ಹೊಸದು, ಪಾಪ. ಮೊದಲ ತಿಂಗಳು ಎಲ್ಲದಕ್ಕೂ ಅಳು ಬರುತ್ತದೆ. ಆಮೇಲೆ ಉಪ್ಪಿಟ್ಟಿಗೆ ಮಾತ್ರ.

ನಾವು ಚೆನ್ನಾಗಿದ್ದೇವೆ. ಅಲ್ಲ, ಚೆನ್ನಾಗಿದ್ದೇವೆ ಅಂದರೆ ಸಾಲದು, ಸೂಪರಾಗಿದ್ದೇವೆ! ನಿನ್ನೆ ಸಂಜೆ ನಾಟಕ ಆಯಿತು, ಸೌಂಡ್ ಬಿಟ್ಟವಳು ನಾನು. ಹೌದು ಅಣ್ಣಾ, ಇಂಟರ್ನಲ್ಸ್ ಪರೀಕ್ಷೆ ಅಂದರೆ ಹಿಂದಿನ ದಿನವೇ ವಾಂತಿ ಮಾಡಿಕೊಳ್ಳುವ ನಿನ್ನ ಇದೇ ತಂಗಿ. ನೀನು ಹೋದ ಮೇಲೆ ಅಪ್ಪನ ತಂಡದಲ್ಲಿ ಹಾಡಿನ ಮ್ಯೂಸಿಕ್ಕು, ಗುಡುಗು, ಹಾರ್ನು ಬಿಡುವವರೇ ಇರಲಿಲ್ಲವಲ್ಲ. ಬಾಡಿಗೆಗೆ ಒಬ್ಬನನ್ನು ಕರೆಸೋಣ ಎಂದು ಇರಣ್ಣ ಕಾಕಾ ಹೇಳಿದ್ದಕ್ಕೆ ಅಪ್ಪ ಎಲ್ಲರ ಎದುರು "ಬಾಡಿಗಿಯವ ಯಾಕ ಬೇಕೋ, ನನ್ನ ಮಗಳದಾಳಲ್ಲ" ಅಂದುಬಿಟ್ಟನಂತೆ. ಇದನ್ನು ಕೇಳಿ ನನಗೆ ಖುಷಿಯೂ ಆಯಿತು, ಭಯವೂ ಆಯಿತು. ನಿನಗೇ ಗೊತ್ತು, ನಾನು ಮಾರತ್ತಹಳ್ಳಿಯ ಪಿ.ಜಿ.ಯಿಂದ ಬಂದರೆ ಮನೆಯಲ್ಲಿರುವ ಒಂದೇ ಕುರ್ಚಿ ನನಗೆ, ಚಹಾ ಗಾಜಿನ ಲೋಟದಲ್ಲಿ. ಇವರು ಕಟ್ಟಡದ ಕೆಲಸಕ್ಕೆ ಅಲೆಯುವಾಗ ನನ್ನ ಓದು ಕೆಡಬಾರದೆಂದು ವಸತಿ ಶಾಲೆಗೆ ಹಾಕಿದರು. ಓದು ಕೆಡಲಿಲ್ಲ, ಆದರೆ ಅಂದಿನಿಂದ ನಾನು ಈ ಮನೆಗೆ ಬೀಗರ ಥರ. ಅಪ್ಪ ನನ್ನನ್ನು ಏನನ್ನಾದರೂ ಮಾಡು ಎಂದದ್ದು ಇದೇ ಮೊದಲು. ಸೌಂಡ್ ಕೆಟ್ಟರೆ ತಂಡದವರ ಎದುರು ಅಪ್ಪನ ಮಾತು ಬಿದ್ದುಹೋಗುತ್ತದೆ, ಇನ್ನೊಂದು ಸಲ ಅಪ್ಪ ಕೇಳುವುದಿಲ್ಲ. ಅಷ್ಟೇ ನನ್ನ ಟೆನ್ಷನ್. ಸಣ್ಣದೇನಲ್ಲ.

ನೀನು ಬಿಟ್ಟು ಹೋದ ಲ್ಯಾಪ್‌ಟಾಪಿನ ಸ್ಕ್ರೀನ್ ಅಂಗೈ ಅಗಲ. ನಾಟಕದ ಮಾತುಗಳ ಫೋಟೋ ಅದರಲ್ಲಿ ತೆರೆದಿಟ್ಟು, ಓದಿಕೊಂಡೇ ಸೌಂಡ್ ಬಿಡಬೇಕು. ಆದರೆ ನಿನ್ನ ಆ ಮೀಡಿಯಾ ಪ್ಲೇಯರ್ ತೆರೆದರೆ ಪೂರ್ತಿ ಜಾಗ ನುಂಗುತ್ತದೆ: ಈಕ್ವಲೈಸರ್, ಕುಣಿಯುವ ಬಣ್ಣಗಳು, ಇರುವೆಯಷ್ಟು ಸಣ್ಣ ಗುಂಡಿಗಳು. ಕಾಲೇಜು ಕ್ಯಾಂಟೀನಿನಲ್ಲಿ ನನ್ನ ಕ್ಲಾಸಿನ ಲಿಖಿತ್‌ಗೆ ತೋರಿಸಿದೆ. "ಕಾಂಪ್ಯಾಕ್ಟ್ ಸ್ಕಿನ್ ಹಾಕು ಗುರು, ಸಕ್ಕತ್ತಾಗಿರತ್ತೆ" ಅಂದ. ಸ್ಕಿನ್ ಅಂದರೆ ಪ್ಲೇಯರಿಗೆ ತೊಡಿಸುವ ಅಂಗಿ ಅಣ್ಣಾ. ಒಳಗಿನ ಮೆಷಿನ್ ಅದೇ, ಮೇಲಿನ ಮುಖ ಬೇರೆ. ಡೌನ್‌ಲೋಡ್ ಮಾಡಿ, ಜಿಪ್ ಬಿಚ್ಚಿ, ಸ್ಕಿನ್ಸ್ ಫೋಲ್ಡರಿಗೆ ಹಾಕಿದೆ. ಹೆಸರೇ ಕಾಣಲಿಲ್ಲ. ಅಳಿಸಿ ಮತ್ತೆ ಹಾಕಿದೆ, ರೀಸ್ಟಾರ್ಟ್ ಮಾಡಿದೆ, ದೇವರಿಗೆ ಕೈ ಮುಗಿದೆ, ಊಹೂಂ. ಕೊನೆಗೆ ಲಿಖಿತ್ ಬಗ್ಗಿ ನೋಡಿ "ಲೇ, ಫೋಲ್ಡರ್ ಒಳಗೆ ಇನ್ನೊಂದ್ ಫೋಲ್ಡರ್ ಇದೆ ಕಣೇ. ಅದಾದ್ರೂ ಪಾಪ ಎಲ್ಲೀಂತ ಹುಡ್ಕತ್ತೆ?" ಎಂದು ಬೈದ. ಒಳಗಿನದನ್ನು ಹೊರಗೆ ಎಳೆದು ಹಾಕಿದ್ದೇ ತಡ, ಹೆಸರು ಬಂತು! ಒತ್ತಿದೆ. ಅಷ್ಟು ದೊಡ್ಡ ಪ್ಲೇಯರು ಮಡಚಿಕೊಂಡು ಸ್ಕೇಲಿನಷ್ಟು ಪಟ್ಟಿಯಾಗಿ ಸ್ಕ್ರೀನಿನ ತಲೆಯ ಮೇಲೆ ಹೋಗಿ ಕೂತಿತು. ಏನೇ ತೆರೆದರೂ ಪಟ್ಟಿ ಮೇಲೆಯೇ ಇರುವಂತೆ ಟಿಕ್ ಹಾಕಿದೆ. ಕ್ಯಾಂಟೀನಿನಲ್ಲಿ ಎದ್ದು ನಿಂತು ಕಿರುಚಿದೆನಂತೆ, ನನಗೆ ನೆನಪಿಲ್ಲ.

ಆಮೇಲೆ ಶುರುವಾಯಿತು ನೋಡು ನನ್ನ ಹುಚ್ಚು. ಸ್ಕಿನ್ನಿನ ಒಳಗೆ ಗುಂಡಿಗಳ ಚಿತ್ರ ಬೇರೆ, ಯಾವ ಗುಂಡಿ ಎಲ್ಲಿ ಕೂರಬೇಕು ಎಂದು ಬರೆದ ಪುಟ್ಟ ಫೈಲ್ ಬೇರೆ. ಒಂದು ಸಾಲು ಅಳಿಸಿದರೆ ಒಂದು ಗುಂಡಿ ಮಾಯ! ಹೆದರಿಕೆಯಲ್ಲಿ ತಪ್ಪು ಗುಂಡಿ ಒತ್ತಿದರೆ ಕಥೆ ಮುಗಿಯಿತು, ಹಾಗಾಗಿ ತಪ್ಪು ಗುಂಡಿಗಳನ್ನೇ ತೆಗೆದುಬಿಡೋಣ ಎಂದುಕೊಂಡೆ. ಹಾಡುಗಳನ್ನು ಕಲಸಿ ಬಾರಿಸುವ ಗುಂಡಿ ಹೋಯಿತು, ಹಾಡನ್ನು ಹಿಂದೆ ಮುಂದೆ ಎಳೆದಾಡುವ ಗೆರೆ ಹೋಯಿತು, ಹಾಡುಗಳ ಪಟ್ಟಿ ತೆರೆಯುವುದೂ ಹೋಯಿತು. ಹಿಂದಿನ ಹಾಡಿಗೆ ಹೋಗುವ ಗುಂಡಿಯನ್ನೂ ಕಿತ್ತೆ. ನಾಟಕ ಮುಂದಕ್ಕೆ ತಾನೇ ಹೋಗುವುದು? ಉಳಿದವು ಮೂರು: ನುಡಿಸಲು ಹಸಿರು, ನಿಲ್ಲಿಸಲು ಕೆಂಪು, ಒಂದನ್ನು ಹಾರಿಸಿ ಮುಂದೆ ಹೋಗಲು ಹಳದಿ. ಒಂದು ತುಣುಕು ಮುಗಿದರೆ ಅದು ತಾನೇ ನಿಂತು, ಮುಂದಿನದು ಸರತಿಯಲ್ಲಿ ರೆಡಿ ಇರುವಂತೆಯೂ ಮಾಡಿದೆ. ತಾಲೀಮಿನಲ್ಲಿ ಒಂದೂ ತಪ್ಪಲಿಲ್ಲ. ಇರಣ್ಣ ಕಾಕಾ ಕೂಡ "ಭಾರೀ ಮಾಡೀಯಲ್ಲ ಪೋರಿ" ಅಂದ. ನೀನು ಈಗಲೇ ನಗುತ್ತಿದ್ದೀಯ ಅಲ್ಲವಾ? ನಗು, ನಗು.

ಓನರ್ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಶಾಮಿಯಾನ. ಪೀಣ್ಯದ ಶಿಫ್ಟ್ ಮುಗಿಸಿ ನಮ್ಮ ಕಡೆಯವರೆಲ್ಲ ನೇರ ಬಂದಿದ್ದರು, ಮುಂದಿನ ಸಾಲಿನಲ್ಲಿ ಓನರ್ ತಾಯಿ ಈಶ್ವರಮ್ಮಜ್ಜಿ. ನಾನು ರಂಗದ ಬದಿಗೆ, ಅವರ ಪಕ್ಕದಲ್ಲೇ ಮೇಜು ಹಾಕಿಕೊಂಡಿದ್ದೆ. ಅಪ್ಪನದು ಮುದಿ ಕಂಡಕ್ಟರ್ ಪಾತ್ರ, ಸಿಟ್ಟಾಗಿ ಹೋದ ಹೆಂಡತಿಯನ್ನು ಬಸ್‌ಸ್ಟ್ಯಾಂಡಿನಲ್ಲಿ ಹುಡುಕುತ್ತಾ ಹಾಡಬೇಕು. ಹಾಡಿದ ಅಣ್ಣಾ! ತಾಲೀಮಿನಲ್ಲಿ ಸುಮ್ಮನೆ ಗುನುಗುತ್ತಿದ್ದ ಅಪ್ಪನೇ ಇವನು ಎಂದು ನನಗೆ ನಂಬಿಕೆಯೇ ಬರಲಿಲ್ಲ. ಹಾಡು ಮುಗಿದ ಕೂಡಲೇ ಸೈಟು ಪೂರ್ತಿ ಎದ್ದು "ವನ್ಸ್ ಮೋರ್! ವನ್ಸ್ ಮೋರ್!" ಎಂದು ಕೂಗಿತು. ನಾನು ಹೊಗಳುತ್ತಿದ್ದಾರೆ ಎಂದುಕೊಂಡು ಚಪ್ಪಾಳೆ ತಟ್ಟುತ್ತಾ ಕೂತೆ. ನೋಡಿದರೆ ಅಪ್ಪ ಹಾಡು ಶುರು ಮಾಡಿದ್ದ ಜಾಗಕ್ಕೆ ವಾಪಸ್ ಹೋಗಿ, ಟೋಪಿ ಸರಿ ಮಾಡಿಕೊಂಡು, ನನ್ನ ಕಡೆ ಕೈ ಎತ್ತಿ ಕಾಯುತ್ತಿದ್ದಾನೆ. ನಿಜವಾಗಿಯೂ ಇನ್ನೊಂದು ಸಲ ಹಾಡುತ್ತಾರೆ ಎಂದು ನನಗೆ ಯಾರು ಹೇಳಿದ್ದರು? ತಾಲೀಮಿಗೆ ಜನ ಬಂದು ವನ್ಸ್ ಮೋರ್ ಅನ್ನುತ್ತಾರಾ?

ಪಟ್ಟಿ ನೋಡಿದೆ. ಹಸಿರು, ಕೆಂಪು, ಹಳದಿ. ಹಿಂದಕ್ಕೆ ದಾರಿಯೇ ಇಲ್ಲ. ಗಾಬರಿಯಲ್ಲಿ ಹಸಿರು ಒತ್ತಿದೆ. ಸರತಿಯಲ್ಲಿದ್ದದ್ದು ಬಸ್ಸಿನ ಹಾರ್ನು, ಇಡೀ ಲಗ್ಗೆರೆಗೆ ಕೇಳುವಷ್ಟು ಜೋರು. ಆ ಹಾರ್ನ್ ಕೇಳಿದರೆ ಡ್ರೈವರ್ ಪಾತ್ರದ ಇರಣ್ಣ ಕಾಕಾ ಒಳಗೆ ಬರಬೇಕು, ಬಂದೇಬಿಟ್ಟ, ಸ್ಟಿಯರಿಂಗ್ ಹಿಡಿದವನ ಹಾಗೆ ಕೈ ತಿರುಗಿಸುತ್ತಾ. ಅಪ್ಪ ಒಂದು ಕ್ಷಣ ಅವನನ್ನು ನೋಡಿದ, ನನ್ನನ್ನು ನೋಡಿದ. ಸೀಟಿ ತೆಗೆದು ಊದಿ "ಏ ಡ್ರೈವರಾ! ಟೈಮಿಗಿಂತ ಮೊದಲ ಯಾಕ ಬಂದಿ? ಜನ ಹಾಡು ಕೇಳಾಕತ್ತಾರ, ಕಾಣವಲ್ದೇನು? ಹಿಂದ ತಗೋ! ಬರ್ಲಿ... ಬರ್ಲಿ... ಎಡಕ್ಕ ಕಂಬ ಐತಿ... ಬರ್ಲಿ..." ಅಂದ. ಇರಣ್ಣ ಕಾಕಾ ಬಾಯಲ್ಲಿ ಡುರ್‌ರ್ ಅನ್ನುತ್ತಾ ಹಿಂದೆ ಹಿಂದೆ ನಡೆದು ಪರದೆಯೊಳಗೆ ಹೋದ! ಜನ ಬಿದ್ದು ಬಿದ್ದು ನಕ್ಕರು. ಈಶ್ವರಮ್ಮಜ್ಜಿ ನನ್ನ ಬೆನ್ನು ತಟ್ಟಿ "ಗಾಬ್ರಿ ಬೀಳ್ಬ್ಯಾಡ ಕಣವ್ವ, ನಾವೆಲ್ಗೂ ಓಗಾಕಿಲ್ಲ" ಅಂದರು. ಅಷ್ಟರಲ್ಲಿ ನನಗೆ ಹೊಳೆಯಿತು, ಅಂಗಿ ಬಿಚ್ಚಿದರಾಯಿತು! ಸ್ಕಿನ್ ತೆಗೆದೆ, ಹಳೇ ಪ್ಲೇಯರು ಎಲ್ಲಾ ಗುಂಡಿಗಳ ಸಮೇತ ಸ್ಕ್ರೀನ್ ತುಂಬ ಬಂತು, ಅಪ್ಪನ ಹಾಡಿನ ಮ್ಯೂಸಿಕ್ಕು ಹುಡುಕಿ ಒತ್ತಿದೆ. ಎರಡನೇ ಸಲ ಮೊದಲಿಗಿಂತ ಚೆನ್ನಾಗಿ ಹಾಡಿದ, ಸತ್ಯವಾಗಿ. ಮಾತುಗಳ ಫೋಟೋ ಅದರ ಹಿಂದೆ ಮುಚ್ಚಿಹೋಗಿತ್ತು. ಮಿಕ್ಕ ನಾಟಕವನ್ನು ಸ್ಕ್ರೀನ್ ಬಿಟ್ಟು ಅಪ್ಪನ ಮುಖ ನೋಡಿಕೊಂಡೇ ನಡೆಸಿದೆ.

ನಾಟಕ ಮುಗಿದ ಮೇಲೆ ಬೈಗುಳ ಗ್ಯಾರಂಟಿ ಎಂದು ಮೂಲೆಯಲ್ಲಿ ವೈರ್ ಸುತ್ತುತ್ತಾ ನಿಂತಿದ್ದೆ. ಅಪ್ಪ ಬಂದು "ಅಲ್ಲವ್ವಾ, ಹೊಳ್ಳಿ ಹಾಡೂ ಗುಂಡಿನ ಕಿತ್ತಿದ್ದಿಯಂತಲ್ಲ! ವನ್ಸ್ ಮೋರ್ ಬರ್ಲಿ ಅಂತನ ನಾವು ಬಣ್ಣ ಹಚ್ಚೂದು" ಎಂದು ಮೀಸೆಯ ಅಂಟು ಬಿಡುವಷ್ಟು ನಕ್ಕ. ಆಮೇಲೆ ಮೆಲ್ಲಗೆ "ನಿಂಗ ಒಂದ್ ನಾಟಕಾನೂ ತೋರ್ಸಿಲ್ಲ ನೋಡು ನಾವು" ಅಂದ. ಇರಣ್ಣ ಕಾಕಾ ಮುಂದಿನ ಆಟದಲ್ಲೂ ಬಸ್ಸು ಹೀಗೇ ಹಿಂದಕ್ಕೆ ಹೋಗಲೇಬೇಕು ಎಂದು ಹಟ ಹಿಡಿದಿದ್ದಾನೆ. ನಾನು ಬೆಳಗ್ಗೆ ಎದ್ದವಳೇ ಸ್ಕಿನ್ನಿಗೆ ಹಿಂದಕ್ಕೆ ಹೋಗಿ ಮತ್ತೆ ನುಡಿಸುವ ನಾಲ್ಕನೇ ಗುಂಡಿ ಕೂರಿಸಿದೆ, ಎಲ್ಲಕ್ಕಿಂತ ದಪ್ಪ, ನೀಲಿ ಬಣ್ಣ, ಮೇಲೆ "ಹೊಳ್ಳಿ" ಎಂದು ಬರೆದೆ. ಲ್ಯಾಪ್‌ಟಾಪಿನಲ್ಲೇ ಮುಳುಗಿ ನಲ್ಲಿಗೆ ಕೊಡ ಹಿಡಿಯುವುದು ಮರೆತು, ನೀರು ನಿಂತುಹೋಗಿ, ಅವ್ವ "ಹಾಳಾದ್ದ, ನೀರ್ ಬಂದಾಗ ಪೆಟಗಿ ಹಿಡ್ಕೊಂಡ್ ಕುಂತೀಯಲ್ಲ!" ಎಂದು ಓಣಿಗೆಲ್ಲ ಕೇಳುವಂತೆ ಬೈದಳು. ನನ್ನನ್ನು! ಬೈದಳು ಅಣ್ಣಾ! ಕೇಳಲು ಎಷ್ಟು ಚೆನ್ನಾಗಿತ್ತು ಗೊತ್ತಾ.

ಬೂಟಿಗೆ ಕಾಲು ಹೊಂದಿಕೊಳ್ಳುತ್ತದೆ, ಹೆದರಬೇಡ. ಅಪ್ಪ ಅವ್ವ ಹರಸಿದ್ದಾರೆ, ಇರಣ್ಣ ಕಾಕಾ ನಿನಗೊಂದು ಸಲ್ಯೂಟ್ ಹೇಳಿದ್ದಾನೆ.

ನಿನ್ನ ತಂಗಿ,
ಭಾಗ್ಯಶ್ರೀ

ತಾ.ಕ.: ಅಸಲು ವಿಷಯ ಬರೆಯಲೇ ಇಲ್ಲ. ಮುಂದಿನ ತಿಂಗಳಿಂದ ಪಿ.ಜಿ. ಬಿಟ್ಟು ಇಲ್ಲೇ ಇರು ಎಂದು ಅಪ್ಪ ಹೇಳಿದ, ಹೂಂ ಅಂದೆ. ಕಾಲೇಜಿಗೆ ಬಸ್ಸು ಬದಲಿಸಬೇಕು, ಬದಲಿಸುತ್ತೇನೆ. ಬಾಗಿಲ ಹತ್ತಿರ ಗಾಳಿ ಬರುವ ನಿನ್ನ ಜಾಗದಲ್ಲಿ ನಾನು ಮಲಗುತ್ತೇನೆ. ನಿನ್ನನ್ನು ಕೇಳಿ ಮಲಗಬೇಕಿತ್ತು, ಆದರೆ ನಿನ್ನೆಯೇ ಹಾಸಿಗೆ ಹಾಸಿಬಿಟ್ಟೆ. ರಜಕ್ಕೆ ಬಂದಾಗ ನೀನು ಗೋಡೆ ಕಡೆ ಮಲಗು, ನಾನು ಸರಿಯುವುದಿಲ್ಲ.