ಐವತ್ತೆರಡು ಜನರಿಗೆ ಹೋದ ಗುಟ್ಟು

ತೇಲೂರು, ೩೧ನೇ ಜೂನ್ ೨೧೮೪

ನನಗಿಂತ ನೂರೈವತ್ತು ವರ್ಷ ಹಿಂದಿರುವ ಸೋದರಮಾವಂದಿರೇ,

ಜೂನ್‌ಗೆ ಮೂವತ್ತೊಂದನೇ ದಿನ ಎಲ್ಲಿಂದ ಬಂತೆಂದು ನಗಬೇಡಿ; ನಮ್ಮ ಕಾಲದವರು ಸೇರಿಸಿಕೊಂಡಿದ್ದೇವೆ. ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಾನು ಊರ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿದವನು. ಆದರೂ ತೇಲೂರಿನಲ್ಲಿ, ಅಂದರೆ ಕೆರೆಯ ಮೇಲೆ ತೇಲುವ ನಮ್ಮೂರಿನಲ್ಲಿ, ಯಂತ್ರ ರಿಪೇರಿಗೆ ನನ್ನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಬಾಗಿಲು ಮಾತು ಕೇಳದಿದ್ದರೂ ನನ್ನನ್ನೇ ಕರೆಯುತ್ತಾರೆ.

ನಿಮ್ಮ ಸ್ಮಾರ್ಟ್‌ಫೋನ್ ನಮ್ಮಲ್ಲಿ ಅಂಗೈಗೆ ಅಂಟುವ ತೆಳು ಹಾಳೆ, ಅಂಗೈಪಟ ಎನ್ನುತ್ತೇವೆ. ಇಮೇಲ್, ಕ್ಯಾಲೆಂಡರ್ ಮಾತ್ರ ಹಾಗೇ ಉಳಿದಿವೆ, ಅವಕ್ಕೆ ಸಾವಿಲ್ಲ. ಅಕ್ಕನ ಮಗಳು ಮಂದಾಕಿನಿಗೆ ಮಳೆಹಂಚಿಕೆ ಕಚೇರಿಯಲ್ಲಿ ಕೆಲಸ. ಯಾವ ಬೀದಿಗೆ ಎಷ್ಟು ಹೊತ್ತು ಮಳೆ ಎಂದು ಬರೆದುಕೊಡುವುದು. ಕಚೇರಿಯ ಇಮೇಲನ್ನೂ ಕ್ಯಾಲೆಂಡರನ್ನೂ ಅವಳು ತನ್ನ ಸ್ವಂತ ಅಂಗೈಪಟಕ್ಕೆ ಹಾಕಿಸಿಕೊಳ್ಳಬೇಕಿತ್ತು. "ಮಾಮಾ, ಕಚೇರಿದು ಬ್ಯಾರೆ ಇರ್ಲಿ, ನಂದು ಬ್ಯಾರೆ ಇರ್ಲಿ" ಎಂದಳು. "ನನಗ ಹೇಳಿಕೊಡ್ತಿಯೇನ? ನೀ ಚಾ ಇಡ್ಹೋಗು" ಎಂದೆ. ಅಂಗೈಪಟ ಕೇಳಿದ್ದಕ್ಕೆಲ್ಲ ಓದದೆ ಒಪ್ಪಿಗೆ ಒತ್ತುತ್ತಾ ಹೋದೆ.

ಅವಳಿಗೆ ಆಗ ಎರಡು ತಿಂಗಳು. ಹಿಂದೊಮ್ಮೆ ಬಸಿರು ನಿಂತಿರಲಿಲ್ಲ. ಮೂರು ತುಂಬುವವರೆಗೆ ಹೊರಗೆ ಹೇಳಬಾರದೆಂಬ ಪದ್ಧತಿ ನಮ್ಮಲ್ಲಿ ಇನ್ನೂ ಇದೆ. ಗಂಡನನ್ನು ಬಿಟ್ಟರೆ ನನಗೊಬ್ಬನಿಗೇ ಹೇಳಿದ್ದಳು. ಕ್ಯಾಲೆಂಡರ್ ನಡೆಯುತ್ತದೆಯೇ ಎಂದು ನೋಡಲು ನಾನೇ ಬರೆದೆ: "ಮಂಗಳವಾರ ಹತ್ತಕ್ಕೆ ಡಾಕ್ಟರು. ಮಂದಾಕಿನಿಗೆ ಎರಡು ತಿಂಗಳು. ಯಾರಿಗೂ ಹೇಳಬಾರದು." ನಾನು ಒತ್ತಿದ ಒಪ್ಪಿಗೆಗಳಿಂದ ಅವಳದೂ ಕಚೇರಿಯದೂ ಒಂದಾಗಿದ್ದವು; ಅದು ಹೋಗಿ ಕಚೇರಿಯ ಕ್ಯಾಲೆಂಡರಿನಲ್ಲಿ ಕೂತಿತು. ಐವತ್ತೆರಡು ಜನ ಓದಿದರು. ಚಹಾ ಆರುವ ಮೊದಲೇ ಅಭಿನಂದನೆಗಳು ಬಂದವು. ಅವಳು ಬೈಯಲಿಲ್ಲ. ಅಂಗೈ ಮಡಚಿ ಸೆರಗಿನೊಳಗೆ ಇಟ್ಟುಕೊಂಡಳು.

ಮೂರನೇ ತಿಂಗಳು ತುಂಬಲಿಲ್ಲ.

ರಜೆ ಮುಗಿಸಿ ಅವಳು ಕೆಲಸಕ್ಕೆ ಹೋಗುವ ಹಿಂದಿನ ದಿನ ನಾನು ಆ ಕಚೇರಿಗೆ ಹೋದೆ. "ಕೂಸು ಉಳೀಲಿಲ್ರಿ. ಆಕಿಗೆ ಏನೂ ಕೇಳಬ್ಯಾಡ್ರಿ. ಆ ಸುದ್ದಿ ಕಳಿಸಿದ ಹುಚ್ಚಪ್ಪ ನಾನ" ಎಂದು ಮೇಜಿನಿಂದ ಮೇಜಿಗೆ ನಡೆದು ಐವತ್ತೆರಡು ಸಲ ಹೇಳಿದೆ. ಕೊನೆಯ ಮೇಜಿಗೆ ಬರುವಾಗ ದನಿಯೇ ಇರಲಿಲ್ಲ. ಮರುದಿನ ಅವಳನ್ನು ಯಾರೂ ಏನೂ ಕೇಳಲಿಲ್ಲವಂತೆ. ನಾನು ಹೋಗಿದ್ದೆನೆಂದು ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಹೇಳಿಕೊಳ್ಳಲು ಅದು ಹೆಮ್ಮೆಯ ಕೆಲಸವೂ ಅಲ್ಲ.

ನಿಮ್ಮ ಅಕ್ಕನ ಮಗಳೂ ನಾಳೆ ನಿಮ್ಮ ಕೈಗೆ ಫೋನು ಕೊಟ್ಟಾಳು. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಆ ಒಂದು ಮಾತು ನನ್ನ ಬಾಯಿಗೆ ಬರಲು ಐವತ್ತೆಂಟು ವರ್ಷ ಹಿಡಿಯಿತು.

ಇಂತಿ ನಿಮ್ಮದೇ ಕುಲದವ,
ಕರಿಬಸಪ್ಪ