ಕಂಬಳಿಯ ಕೂದಲು

ಅಮ್ಮ,

ನಿನ್ನ ಕಾಗದ ತಲುಪಿತು. ನಮ್ಮ ನಾಯಿ ಕಂಬಳಿಯ ಕೂದಲು ಗುಡಿಸಿ ಗುಡಿಸಿ ಸೊಂಟ ಬಿದ್ದುಹೋಯಿತು, ಅವನನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ ಎಂದು ಬರೆದಿದ್ದೀಯ. ಸ್ವಲ್ಪ ತಡೆ.

ನನ್ನ ಕೋಣೆಯ ಕೆಳಗೆ ಗಾಳದ ಅಂಗಡಿ ಇದೆ. ಅಲ್ಲಿಯ ಅಜ್ಜ ಕೊಕ್ಕೆಗೆ ದಾರ, ಪುಕ್ಕ ಸುತ್ತಿ, ಮೀನು ನಂಬುವಂಥ ನಕಲಿ ಹುಳಗಳನ್ನು ಕಟ್ಟುತ್ತಾರೆ. ನಿನ್ನೆ ನನ್ನ ಸ್ವೆಟರನ್ನೇ ದಿಟ್ಟಿಸಿದರು. ಅದರ ತುಂಬ ಕಂಬಳಿಯ ಕೂದಲು. ನಾಚಿಕೆಯಾಗಿ ಕೊಡವಲು ಹೋದೆ.

"ಅಯ್ಯೋ, ಕೊಡವಬೇಡ ತಾಯಿ!" ಎಂದು ಒಂದೊಂದೇ ಆರಿಸಿ, ದಾರಕ್ಕೆ ಹೊಸೆದು, ಕೊಕ್ಕೆಗೆ ಸುತ್ತಿದರು. ಪುಕ್ಕವಿಲ್ಲ, ಬಣ್ಣವಿಲ್ಲ. ಮೂಲೆಯ ಕಸದಂತಿತ್ತು.

"ಇದನ್ನ ಯಾವ ಮೀನು ಮೂಸಿ ನೋಡುತ್ತೆ, ಅಜ್ಜಾ?"

"ಅಂದಕ್ಕೆ ಸೋಲೋರು ನನ್ನ ಗಿರಾಕಿಗಳು, ಮೀನಲ್ಲ. ಬೆಳಿಗ್ಗೆ ಹೊಳೆಗೆ ಬಾ."

ಹೋದೆ. ನೀರಿಗೆ ಬಿದ್ದದ್ದೇ ಆ ಕೂದಲು ಬಿಡಿಬಿಡಿಯಾಗಿ, ಉಸಿರಾಡುವ ಹಾಗೆ ಅಲುಗತೊಡಗಿತು. ನಿದ್ದೆಯಲ್ಲಿ ಕಂಬಳಿಯ ಹೊಟ್ಟೆ ಅಲುಗುವುದೂ ಹೀಗೆಯೇ. ನೋಡುತ್ತಿದ್ದಂತೆ ಮೀನು ಕಚ್ಚಿತು.

ಅವನನ್ನು ಯಾರಿಗೂ ಕೊಡಬೇಡ. ಗುಡಿಸುವ ಬದಲು ದಿನಾ ಬಾಚು. ಬಾಚಣಿಗೆಗೆ ಬಂದದ್ದನ್ನು ಲಕೋಟೆಯಲ್ಲಿ ಹಾಕಿ ಕಳಿಸು. ಅಜ್ಜನಿಗೆ ಬೇಕಂತೆ.

ನೀನು ಕೇಳಿದ್ದೀಯಲ್ಲ, ನನ್ನ ಕೆಮ್ಮು ಕಡಿಮೆಯಾಗಿದೆ. ಸ್ವೆಟರನ್ನು ಮಾತ್ರ ಇನ್ನೂ ಒಗೆದಿಲ್ಲ.

ನಿನ್ನ ಮಗಳು