ಹೊಸಿಲಿನಾಚೆಯ ಫೈನಲ್

ಜೂನ್ ೮, ೨೦೨೫, ಭಾನುವಾರ

ಫೈನಲ್‌ಗೆ ಬಂದುಬಿಟ್ಟೆವು! ನಾನೂ ಅತ್ತೆಯೂ! ಅಕ್ಷರವೆಲ್ಲ ಕುಣಿಯುತ್ತಿದೆ, ಕುಣಿಯಲಿ.

ನಮ್ಮ ಕೆ.ಆರ್. ನಗರದ ಪುಟ್ಟ ರೇಡಿಯೋದ ಕ್ವಿಜ್. ‘ಎಳೆ ಹಿಡಿ’ ಅಂತ ಹೆಸರು. ಮೂರು ಸುಳಿವು ಕೊಡುತ್ತಾರೆ, ಮೂರನ್ನೂ ಕಟ್ಟುವ ಎಳೆ ನಾವು ಹೇಳಬೇಕು. ಒಂದೇ ಮನೆಯ ಇಬ್ಬರು, ಎರಡು ತಲೆಮಾರಿನವರು, ಒಂದೇ ಮೈಕಿನ ಮುಂದೆ. ಗೂಗಲ್ ಮಾಡದಂತೆ ಫೋನ್ ಕಸಿದಿಟ್ಟುಕೊಳ್ಳುತ್ತಾರೆ.

ಇವತ್ತಿನದು — ಹೊಗೆಸೊಪ್ಪು ಬೇಯಿಸುವ ಬ್ಯಾರನ್, ಬಾಣಂತಿ ಮನೆಯ ನೀರೊಲೆ, ಇಟ್ಟಿಗೆ ಗೂಡು.

“ಗ್ಲೋಬಲ್ ವಾರ್ಮಿಂಗ್!” ಎಂದು ಕಿರುಚಿದೆ. ನಾಚಿಕೆಗೇಡು. ಅತ್ತೆ ಸೆರಗು ಸರಿಮಾಡಿಕೊಂಡು ಮೈಕಿಗೆ ಬಗ್ಗಿದರು. “ಅಚ್ಚಿದ್ ಮ್ಯಾಲೆ ಬೆಂಕಿ ಆರ್ಬಾರ್ದು ಕಣಪ್ಪ. ಅಷ್ಟೇಯ.” ಪೂರ್ತಿ ಅಂಕ!

ಮುಂದಿನದು ನನ್ನದು. ಟೆನಿಸ್‌ನ ಸೊನ್ನೆ, ತಾಜ್ ಮಹಲ್, ಫೆಬ್ರವರಿ ಹದಿನಾಲ್ಕು. “ಪ್ರೀತಿ!” ಎಂದೆ.

“ಸೊನ್ನೆಗೆ ಪ್ರೀತಿ ಅಂತಾರಾ?” ಅತ್ತೆ, ಲೈವ್‌ನಲ್ಲಿ. “ಸರಿ ಬುಡು. ನಿಮ್ ಮಾವನ್ ಲೆಕ್ಕಾನೂ ಅದೇಯ.”

ಮಾವ ಮನೆಯಲ್ಲಿ ಕೇಳುತ್ತಿದ್ದರು. ರಾತ್ರಿ ಊಟ ತಾವೇ ಬಡಿಸಿಕೊಂಡರು.

ಎದುರಾಳಿಗಳು ಹುಣಸೂರಿನ ಫರ್ನಿಚರ್ ಅಂಗಡಿಯ ಫಕ್ರುದ್ದೀನ್ ಸಾಬರು ಮತ್ತು ಮೊಮ್ಮಗಳು ಸುಫಿಯಾ. ಯಾವ ಭಾನುವಾರ ಇಡೋಣ ಎಂದು ಕ್ವಿಜ್ ನಡೆಸುವ ಉಮಾಶಂಕರ ಕೇಳಿದರು. ಯೋಚಿಸಲೇ ಇಲ್ಲ. ಜುಲೈ ಹದಿಮೂರು! ಅವತ್ತಿಗೆ ಮದುವೆಯಾಗಿ ಸರಿಯಾಗಿ ಒಂಬತ್ತು ವಾರ!

ನಂಜುಂಡೇಶ್ ನಕ್ಕ. “ವಾರದ ಲೆಕ್ಕದಲ್ಲಿ ಆನಿವರ್ಸರಿ ಮಾಡೋ ಹೆಂಡ್ತಿ ನೀನೊಬ್ಳೇ ಕಣೇ.” ಮಾಡುತ್ತೇನೆ. ನನ್ನ ಗಂಡ, ನನ್ನ ವಾರ.

ಜೂನ್ ೧೯, ಗುರುವಾರ, ಸಂಜೆ

ಪಾಠ ಮಾಡಿ ಶಾಲೆಯಿಂದ ಬಂದರೆ ಅತ್ತೆ ಬ್ಯಾಗು ತುಂಬುತ್ತಿದ್ದಾರೆ. ಹೊಳೆನರಸೀಪುರಕ್ಕೆ, ಅಣ್ಣನ ಮನೆಗೆ. ಒಂದು ತಿಂಗಳು.

“ಆಷಾಡ ಅಲ್ವೇನವ್ವ. ನಿಂಗೆ ಇಸ್ಕೂಲು ರಜ ಕೊಡಾಕಿಲ್ಲ. ನಾನೇ ಓಯ್ತೀನಿ.”

ಆಷಾಢ ಎಂದರೆ ಸೀರೆ ಅಂಗಡಿಯ ಡಿಸ್ಕೌಂಟ್ ಸೇಲ್ ಅಂತ ಮಾತ್ರ ನನಗೆ ಗೊತ್ತು. ಮದುವೆಯಾದ ಮೊದಲ ಆಷಾಢದಲ್ಲಿ ಅತ್ತೆ, ಸೊಸೆ ಒಂದೇ ಹೊಸಿಲು ದಾಟಬಾರದಂತೆ. ಕ್ಯಾಲೆಂಡರ್ ತೆಗೆದು ನೋಡಿದೆ. ಜುಲೈ ೧೩. ನಟ್ಟನಡುವೆ ಕೂತಿದೆ.

ಸ್ಟುಡಿಯೋ ನಮ್ಮ ಮನೆಯಲ್ಲವಲ್ಲ ಎಂದೆ.

“ಸ್ಟುಡಿಯೋಗೆ ಬಾಗ್ಲು ಇಲ್ವಾ?”

ಇದೆ. ಒಂದೇ ಇದೆ.

ಜೂನ್ ೨೩, ಸೋಮವಾರ

ಉಮಾಶಂಕರರಿಗೆ ಫೋನ್ ಮಾಡಿದೆ. ತಾರೀಖು ಬದಲಾಯಿಸಲಾಗದು, ಈಗಾಗಲೇ ಇಪ್ಪತ್ತು ಸಲ ಅನೌನ್ಸ್ ಆಗಿದೆ. ಅತ್ತೆ ಫೋನಿನಲ್ಲಿ ಉತ್ತರ ಹೇಳಬಹುದಾ? ನಿಯಮ ಒಪ್ಪುವುದಿಲ್ಲ. ಅವರ ಬದಲು ಮಾವ? ಜೋಡಿ ಬದಲಿಸುವಂತಿಲ್ಲ. ಬಾರದಿದ್ದರೆ ವಾಕ್‌ಓವರ್, ಆಡದೆಯೇ ಸಾಬರಿಗೆ ಗೆಲುವು. “ಡೇಟ್ ಹೇಳಿದ್ದು ನೀವೇ ಅಲ್ವಾ ಮೇಡಂ?” ಎಂದರು. ಅಯ್ಯೋ, ನಾನೇ, ನಾನೇ!

ಫಕ್ರುದ್ದೀನ್ ಸಾಬರಂತೂ ಸಂಜೆ ತಾವಾಗಿಯೇ ಫೋನ್ ಮಾಡಿದರು. “ವಾಕ್‌ಓವರ್ ನಮ್ಗೆ ಬ್ಯಾಡ ಕಣಮ್ಮ. ಕುಂತು ಆಡಿ. ಸೋತ್ಮೇಲೆ ಟೀ ನಾನೇ ಕುಡಿಸ್ತೀನಿ.” ಹಿಂದಿನಿಂದ ಸುಫಿಯಾ ನಗು. ಮೈಯೆಲ್ಲ ಉರಿಯಿತು.

ಜೂನ್ ೨೫, ಬುಧವಾರ

ಅತ್ತೆ ಹೊರಟರು. ಆಟೋ ಹತ್ತುವಾಗ ಬಾಯಿ ತಡೆಯಲಾಗಲಿಲ್ಲ. “ಇದೆಲ್ಲ ಸೂಪರ್‌ಸ್ಟಿಷನ್ ಅತ್ತೆ. ಓದಿದವರು ಯಾರೂ ನಂಬಲ್ಲ.”

ಅತ್ತೆ ನನ್ನನ್ನೇ ನೋಡಿದರು. “ನಾನು ಓದಿಲ್ಲ ಬುಡವ್ವ.”

ಆಟೋ ಹೋಯಿತು.

ಯಾಕೆ ಅಂದೆ... ಯಾಕೆ...

ಜುಲೈ ೫, ಶನಿವಾರ

ಹತ್ತು ದಿನ. ಅತ್ತೆ ಮಗನಿಗೆ ಫೋನ್ ಮಾಡುತ್ತಾರೆ. “ಊಟ ಮಾಡುದ್ಳಾ ಅವ್ಳು?” ಎಂದು ಕೇಳುತ್ತಾರಂತೆ. ನನ್ನ ಕೈಗೆ ಕೊಡು ಎನ್ನುವುದಿಲ್ಲ. ನಾನೂ ಕೇಳುವುದಿಲ್ಲ. ಮೊಂಡು.

ಇವನ ಜೊತೆ ಪ್ರಾಕ್ಟೀಸ್ ಮಾಡಿದೆ. ಕಬಿನಿ ಡ್ಯಾಂ, ಹತ್ತನೇ ಕ್ಲಾಸ್ ರಿಸಲ್ಟ್, ಇಡ್ಲಿ ಹಿಟ್ಟು — ಏನು ಎಳೆ? “ಮೂರೂ ಕೆ.ಆರ್. ನಗರದಲ್ಲಿ ಸಿಗಲ್ಲ” ಎಂದ. ಇಡ್ಲಿ ಹಿಟ್ಟು ಸಿಗಲ್ವಾ! ಮೂರಕ್ಕೂ ಕಾಯಬೇಕು, ಅಲ್ಲಿಯವರೆಗೂ ಮನೆಯವರಿಗೆ ನೆಮ್ಮದಿ ಇಲ್ಲ — ಅತ್ತೆ ಆಗಿದ್ದರೆ ಬೀನ್ಸ್ ಮುರಿಯುತ್ತಲೇ ಹೇಳುತ್ತಿದ್ದರು. ದಿಂಬು ಎಸೆದೆ. ಅವನು ಅದನ್ನೇ ತಬ್ಬಿಕೊಂಡು ಮಲಗಿದ. ಇಂಥವನ ಮೇಲೆ ಪ್ರೀತಿ ಬೇರೆ ನನಗೆ.

ಜುಲೈ ೯, ಬುಧವಾರ, ಮಧ್ಯಾಹ್ನ

ಸ್ಟಾಫ್ ರೂಮಿನಲ್ಲಿದ್ದಾಗ ಫೋನ್. ಅತ್ತೆ! ಸಾರಿ ಎಂದೆ, ಮೂರು ಸಲ, ಅಳುತ್ತ. ನಡುವೆ ತಡೆದರು.

“ಕೇಳಿಲ್ಲಿ. ನಾನ್ ಬಂದ್ ವರ್ಸ ನನ್ನ ಆಷಾಡಕ್ಕೆ ತವರಿಗೆ ಕಳುಸ್ಲಿಲ್ಲ. ನಾಟಿ ಕೆಲ್ಸ ಇತ್ತು. ಆ ವರ್ಸ ಎಮ್ಮೆ ಸತ್ರೂ ನನ್ನಿಂದ, ನಿಮ್ ಮಾವ ಸೈಕಲ್ಲಿಂದ ಬಿದ್ರೂ ನನ್ನಿಂದ. ನನ್ ನಂಬ್ಕೆ ಅತ್ಲಾಗಿರ್ಲಿ. ನಾಳೆ ನಿನ್ ಗಂಡುಂಗೆ ನೆಗಡಿ ಆದ್ರೂ ಬೀದಿಯೋರು ನಿನ್ ಮ್ಯಾಲೆ ಆಕ್ಬಾರ್ದು. ಅದುಕ್ ಬಂದೆ ನಾನು.”

ನನಗಾಗಿ ಹೋಗಿದ್ದರು. ನಾನು ಅವರಿಗೆ ಸೂಪರ್‌ಸ್ಟಿಷನ್ ಪಾಠ ಮಾಡಿದ್ದೆ.

“ಈಗ ನೀನು ಎಳೆ ಇಡಿ. ಸಂತೆ ಮಾಳ, ಒಳೆ ದಡ, ರೈಲ್ವೆ ಪ್ಲಾಟ್‌ಫಾರಂ.”

ಜನ? ನೀರು? ಪ್ರಯಾಣ? ಮೂರೂ ತಪ್ಪು.

“ಯಾವುದ್ಕೂ ಒಸ್ಲೇ ಇಲ್ಲ ಕಣೇ ದಡ್ಡಿ!”

ನಮ್ಮೂರ ಸ್ಟೇಷನ್ನಿನ ಪ್ಲಾಟ್‌ಫಾರಂ ಬೆಂಚಿನ ಮೇಲೆ ಆಡೋಣ ಎನ್ನುತ್ತಿದ್ದಾರೆ! ರೈಲಿಳಿದು ಅಲ್ಲೇ ಕೂರುವುದು, ಮುಗಿದ ಮೇಲೆ ಅಲ್ಲಿಂದಲೇ ವಾಪಸ್ ರೈಲು. ಊರೊಳಗೆ ಕಾಲಿಡುವುದೇ ಇಲ್ಲ. ಯಾರ ಬಾಯಿಗೂ ಕೆಲಸವಿಲ್ಲ.

ಜುಲೈ ೧೧, ಶುಕ್ರವಾರ

ಎರಡು ದಿನ ಬರೀ ಫೋನ್, ಫೋನ್, ಫೋನ್. ಗದ್ದಲ ಮೈಕಿಗೆ ಬೀಳುತ್ತದೆ ಎಂದು ಉಮಾಶಂಕರ ಮೊದಲು ಸುತರಾಂ ಒಪ್ಪಲಿಲ್ಲ. ಒಂದೇ ಮೈಕ್, ಎದುರುಬದುರು, ಫೋನಿಲ್ಲ — ಯಾವ ನಿಯಮ ಮುರಿಯಿತು ಹೇಳಿ ಎಂದೆ. ಕೊನೆಗೆ ಒಪ್ಪಿಕೊಂಡರು. ರೈಲ್ವೆ ಸ್ಟೇಷನ್ನಿನವರನ್ನು ಅವರೇ ಒಪ್ಪಿಸಿದರು. ಸಾಬರಂತೂ “ಸೋಲಾಕೆ ರೈಲಲ್ಲಿ ಬತ್ತಾವ್ರಾ! ಬರ್ಲಿ ಬರ್ಲಿ” ಎಂದು ಅರ್ಧ ಗಂಟೆ ಮೊದಲೇ ಬರುವುದಾಗಿ ಹೇಳಿದ್ದಾರೆ.

ಗೆಲ್ಲುತ್ತೇವಾ, ಗೊತ್ತಿಲ್ಲ. ಮೊನ್ನೆ ಮೂರಕ್ಕೆ ಮೂರೂ ತಪ್ಪು ಹೇಳಿದವಳು ನಾನು. ಆದರೂ ಪಕ್ಕದಲ್ಲಿ ಅತ್ತೆ ಇರುತ್ತಾರೆ. ಮಾವ ಇಸ್ತ್ರಿ ಮಾಡಿಸಿದ ಶರ್ಟು ತೆಗೆದಿಟ್ಟಿದ್ದಾರೆ, ಯಾಕೆ ಎಂದರೆ ರೈಲಿನ ಟೈಮು ಕೇಳುತ್ತಾರೆ.

ಮತ್ತೆ ತಾರೀಖಿನಲ್ಲಿ ಎಡವಬಾರದು. ದೊಡ್ಡದಾಗಿ ಬರೆದುಕೊಳ್ಳುತ್ತೇನೆ. ಭಾನುವಾರ, ಜುಲೈ ಹದಿಮೂರು. ಅರಸೀಕೆರೆ–ಮೈಸೂರು ಪ್ಯಾಸೆಂಜರ್, ಬೆಳಗಿನದು, ಹಿಂದಿನಿಂದ ಎರಡನೇ ಬೋಗಿ, ಅತ್ತೆ ಇಳಿಯುವುದು ಅಲ್ಲಿಂದಲೇ.